ಸೋರಿದ ಹಾಲಿನ ಲೆಕ್ಕ

ಒಲೆಯ ಮೇಲೆ ಹಾಲು ಉಕ್ಕಿದರೆ ನಮ್ಮಲ್ಲಿ ಶುಭ. ಗೃಹಪ್ರವೇಶದ ದಿನ ಬೇಕೆಂದೇ ಉಕ್ಕಿಸಿ, ಎಲ್ಲರೂ ಸುತ್ತ ನಿಂತು ಸಂತೋಷ ಪಡುತ್ತೇವೆ. ಆದರೆ ಬಾಣಂತಿಯ ರವಿಕೆ ಮೇಲೆ ನಾಲ್ಕು ಹನಿ ಒದ್ದೆ ಕಂಡರೆ ಅದೇ ಜನ ಮುಖ ಆ ಕಡೆ ತಿರುಗಿಸುತ್ತಾರೆ. "ಸೆರಗು ಸರಿ ಮಾಡ್ಕೋ" ಅಂತ ಯಾರೋ ಪಿಸುಗುಡುತ್ತಾರೆ. ಇದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಮುಜುಗರ ಅನ್ನಿಸಿದವರು ಇಲ್ಲಿಗೇ ನಿಲ್ಲಿಸಬಹುದು :-) ಆದರೆ ಗಂಡಸರೂ ಓದಿದರೆ ಒಳ್ಳೆಯದು ಅನ್ನೋದು ನನ್ನ ಆಸೆ.

ಇದು ಯಾಕಾಗುತ್ತದೆ? ಕರು ಬಾಯಿಟ್ಟ ಕೂಡಲೇ ಹಸು ಸೊರೆ ಬಿಡುವುದನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮಗು ಚೀಪಲು ಶುರು ಮಾಡಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ರಕ್ತಕ್ಕೆ ಎಡ-ಬಲ ಗೊತ್ತಿಲ್ಲವಲ್ಲ! ಹಾಗಾಗಿ ಮಗು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆಯೂ ತಾನಾಗಿ ತೊಟ್ಟಿಕ್ಕುತ್ತದೆ. ಮಗುವಿನ ಅಳು ಕೇಳಿದರೂ ಸಾಕು, ಕೆಲವರಿಗೆ ನೆನೆದರೂ ಸಾಕು. ಮೊದಲ ಕೆಲವು ವಾರ ಹೆಚ್ಚು, ಆಮೇಲೆ ಬಹಳ ಜನರಿಗೆ ಕಡಿಮೆಯಾಗುತ್ತದೆ. ಕೆಲವರಿಗೆ ಸೋರುವುದೇ ಇಲ್ಲ. ಅಷ್ಟಕ್ಕೇ ಹಾಲು ಕಡಿಮೆ ಅಂತ ತಿಳಿಯಬಾರದು. ಈ ಮಾತನ್ನು ಬೋರ್ಡಿನಲ್ಲಿ ಬರೆದು, ಮಗು ನೋಡಲು ಬರುವ ನೆಂಟರಿಗೆಲ್ಲ ತೋರಿಸಬೇಕು.

ಸರಿ, ಸೋರಿದ್ದನ್ನು ಏನು ಮಾಡಬೇಕು? ಇಲ್ಲಿ ಎರಡು ಪಂಗಡಗಳಿವೆ. ಒಂದು, ಬಟ್ಟೆ ಇಟ್ಟು ಒರೆಸಿ ಮುಚ್ಚಿಡುವ ಪಂಗಡ. ಇನ್ನೊಂದು, ಒಂದು ಹನಿಯನ್ನೂ ಬಿಡಬಾರದು, ಅದು ಬಂಗಾರ ಅನ್ನುವ ಹೊಸ ಪಂಗಡ. ನಾನು ಎರಡರಲ್ಲೂ ಇಲ್ಲ. ಸೋರಿದ್ದೂ ಹಾಲೇ. ಸುಲಭವಾಗಿ ಸಿಕ್ಕಿದರೆ ಹಿಡಿದಿಟ್ಟು ಬಳಸಿ, ಇಲ್ಲದಿದ್ದರೆ ಆರಾಮಾಗಿ ಬಿಟ್ಟುಬಿಡಿ. ನಾನು ಹೇಳಬೇಕೆಂದಿರುವುದು ಇಷ್ಟೇ.

ಹಿಡಿಯಲು ದೊಡ್ಡ ಸಾಮಾನೇನೂ ಬೇಡ. ಕೈ ತೊಳೆದುಕೊಂಡು, ಕುದಿಸಿ ಆರಿಸಿದ ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು ಇನ್ನೊಂದು ಕಡೆ ಹಿಡಿದರೆ ಆಯಿತು. ಒಳ ಉಡುಪಿನೊಳಗೆ ಇಟ್ಟುಕೊಳ್ಳುವ ಚಿಪ್ಪಿನಂಥ ಪ್ಲಾಸ್ಟಿಕ್ ಕಪ್ಪುಗಳೂ, ಒತ್ತಿ ಅಂಟಿಸುವ ಸಿಲಿಕೋನ್ ಬಾಟಲಿಗಳೂ ಈಗ ಸಿಗುತ್ತವೆ. ಈ ಸಿಲಿಕೋನ್ ಬಾಟಲಿ ಸೋರಿದ್ದನ್ನು ಹಿಡಿಯುವುದರ ಜೊತೆಗೆ ಹಾಲನ್ನು ಎಳೆಯುತ್ತದೆ ಕೂಡ. ದೇಹದ ಲೆಕ್ಕ ಸರಳ: ಹೆಚ್ಚು ತೆಗೆದರೆ ಹೆಚ್ಚು ಹಾಲು ಬರುತ್ತದೆ. ಪ್ರತಿ ಸಲ ಅಂಟಿಸಿಕೊಂಡು ಕೂತರೆ, ಬೇಡದಷ್ಟು ಹಾಲು ಬಂದು ಎದೆ ಗಟ್ಟಿಯಾಗಿ ನೋವು ತಿನ್ನಬೇಕಾಗಬಹುದು. ಇನ್ನು ಆ ಕಪ್ಪಿನಲ್ಲಿ ಅರ್ಧ ದಿನ ಮೈಯ ಬಿಸಿಗೆ ಅಂಟಿಕೊಂಡಿದ್ದ ಹಾಲನ್ನು ಮಗುವಿಗೆ ಕೊಡಬೇಡಿ. ಬೆಚ್ಚಗಿನ ಹಾಲಿಗೆ ಏನಾಗುತ್ತದೆ ಅಂತ ಮನೆಯಲ್ಲಿ ಮೊಸರು ಹೆಪ್ಪು ಹಾಕುವ ನಮಗೆ ಗೊತ್ತಿಲ್ಲವೇ?

ಎಷ್ಟು ಹೊತ್ತು ಇಡಬಹುದು? ಅಮೆರಿಕದ ಸಿಡಿಸಿ ಹೇಳುವಂತೆ, ಆಗತಾನೇ ತೆಗೆದ ಎದೆಹಾಲನ್ನು 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಂಪಾದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಫ್ರೀಜರಿನಲ್ಲಿ ಸುಮಾರು 6 ತಿಂಗಳು ಇಡಬಹುದು. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ 25 ಡಿಗ್ರಿಯ ಕೋಣೆ ಎಲ್ಲಿ ಸಿಗಬೇಕು! ಅಲ್ಲಿ ತಕ್ಷಣ ಫ್ರಿಜ್ಜಿಗೆ ಇಡುವುದೇ ಸರಿ. ಬಿಸಿ ಹಾಲನ್ನು ತಣ್ಣಗಿನ ಹಾಲಿನ ಮೇಲೆ ಸುರಿಯಬೇಡಿ, ಬೇರೆಯಾಗಿ ತಣಿಸಿ ಆಮೇಲೆ ಸೇರಿಸಿ. ಕೊಡುವಾಗ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಮೈಕ್ರೋವೇವ್ ಬೇಡ. ಮೇಲೆ ಕೆನೆ ಕಟ್ಟಿದ್ದರೆ ಕೆಟ್ಟಿದೆ ಅಂತಲ್ಲ, ಮೆಲ್ಲಗೆ ಅಲ್ಲಾಡಿಸಿದರೆ ಬೆರೆಯುತ್ತದೆ.

ಇನ್ನೊಂದು ಮುಖ್ಯ ವಿಷಯ. ತಾನಾಗಿ ತೊಟ್ಟಿಕ್ಕುವ ಹಾಲು ಸ್ವಲ್ಪ ತೆಳು. ಎದೆ ಖಾಲಿಯಾಗುತ್ತಾ ಬಂದಂತೆ ಹಾಲಿನಲ್ಲಿ ಕೊಬ್ಬು ಹೆಚ್ಚುತ್ತದೆ. ಸೋರುವುದೋ ಹೆಚ್ಚಾಗಿ ಮೊದಮೊದಲ ಹಾಲು. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಇಂಥ ಹಾಲನ್ನೇ ಸಂಗ್ರಹಿಸಿ ಆಸ್ಪತ್ರೆಯ ಮಕ್ಕಳಿಗೆ ಕೊಡುತ್ತಿದ್ದರು. ಅದರಲ್ಲಿ ಕೊಬ್ಬು ಕಡಿಮೆ ಅಂತ ಆಗಲೇ ಅಧ್ಯಯನಗಳಿಂದ ಗೊತ್ತಾಯಿತು. 2010ರಲ್ಲಿ ಅಲ್ಲಿನ ನೈಸ್ ಸಂಸ್ಥೆ ಹಾಲಿನ ಬ್ಯಾಂಕುಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ತೊಟ್ಟಿಕ್ಕಿದ ಹಾಲಿಗಿಂತ ಹಿಂಡಿ ತೆಗೆದ ಹಾಲನ್ನೇ ಪಡೆಯಿರಿ ಅಂತಿದೆ. ಹಾಗಾಗಿ ಸೋರಿದ ಹಾಲನ್ನೇ ಕೂಡಿಸಿ ಮಗುವಿನ ಹೊಟ್ಟೆ ತುಂಬಿಸುವ ಲೆಕ್ಕ ಹಾಕಬೇಡಿ, ಅದರಲ್ಲೂ ತೂಕ ಕಡಿಮೆಯಿರುವ ಮಗುವಿಗೆ. ನಡುವೆ ಒಂದು ಒಳಲೆ ಕುಡಿಸಲು, ಆರು ತಿಂಗಳಾದ ಮೇಲೆ ರಾಗಿ ಸರಿಗೆ ಬೆರೆಸಲು ಧಾರಾಳವಾಗಿ ಬಳಸಿ. ತೊಟ್ಟು ಒಡೆದು ಉರಿಯುತ್ತಿದ್ದರೆ ಒಂದು ಹನಿ ಸವರಿ ಆರಲು ಬಿಡಿ. ಆದರೆ ಮಗುವಿನ ಕಣ್ಣಲ್ಲಿ ಪಿಸುರು ಬಂದರೆ ಎದೆಹಾಲು ಬಿಡುವ ನಮ್ಮ ಹಳೆಯ ಪದ್ಧತಿ ಬೇಡ. ಡಾಕ್ಟರಿಗೆ ತೋರಿಸಿ.

ಈಗ ಆ 'ಬಂಗಾರ'ದ ಪಂಗಡದ ಮಾತಿಗೆ ಬರುತ್ತೇನೆ. ಫ್ರೀಜರಿನ ತುಂಬ ಹಾಲಿನ ಪೊಟ್ಟಣ ಜೋಡಿಸಿ ಫೋಟೋ ಹಾಕುವವರನ್ನು ನೋಡಿ ಎಷ್ಟೋ ಹುಡುಗಿಯರು ಕಂಗಾಲಾಗಿದ್ದಾರೆ. ನನ್ನ ತಂಗಿ ಬಾಣಂತನಕ್ಕೆ ಬಂದಿದ್ದಾಗ ಒಂದು ರಾತ್ರಿ ಬಟ್ಟಲು ಕೈಜಾರಿತು. "ಅಕ್ಕಾ, ಹದಿನೈದು ಎಂಎಲ್ ಹೋಯ್ತು" ಅಂತ ಬಿಕ್ಕಿ ಬಿಕ್ಕಿ ಅತ್ತಳು. ಹದಿನೈದು ಎಂಎಲ್ ಅಂದರೆ ಮೂರು ಟೀ ಚಮಚ. ಅವಳ ಮಗುವೋ ಹೊಟ್ಟೆ ತುಂಬಿ, ಬಾಯಿ ಅರ್ಧ ತೆರೆದುಕೊಂಡು ಪಕ್ಕದಲ್ಲೇ ನಿದ್ದೆ ಹೊಡೆಯುತ್ತಿತ್ತು! ನಿದ್ದೆಗೆಟ್ಟ ತಾಯಿಗೆ ಆಗ ಬೇಕಿದ್ದದ್ದು ಒಂದು ಲೋಟ ಬಿಸಿ ಹಾಲು, ಎರಡು ಗಂಟೆ ನಿದ್ದೆ. ಅಳತೆಯ ಗೆರೆಗಳು ತಾಯಂದಿರ ಪರೀಕ್ಷೆಯ ಅಂಕಗಳಾಗುವುದು ನನಗಂತೂ ಸರಿ ಕಾಣುವುದಿಲ್ಲ.

ನಿಜವಾಗಿ ಹೆಚ್ಚು ಹಾಲಿದ್ದವರಿಗೆ ಬೇರೆ ದಾರಿಯಿದೆ. 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಶುರು ಮಾಡಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಬಂತು. ಇಂಥ ಕಡೆ ತಾಯಿಯ ರಕ್ತಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಅವಧಿಗೆ ಮೊದಲೇ ಹುಟ್ಟಿದ ಪುಟ್ಟ ಮಕ್ಕಳಿಗೆ ಕೊಡುತ್ತಾರೆ. ಅದಕ್ಕೆ ಶುಚಿಯಾಗಿ ಹಿಂಡಿ ತೆಗೆದ ಹಾಲು ಕೊಡಿ. ಮಾರಾಟ ಮಾತ್ರ ಕೂಡದು. ಎದೆಹಾಲನ್ನು ಸಂಸ್ಕರಿಸಿ ಮಾರಲು ಅನುಮತಿಯಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ.

ಕೊನೆಯದಾಗಿ ಆಫೀಸಿನ ವಿಷಯ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರವಾಯಿತು. ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕೆಂದು ಕಾನೂನಿನಲ್ಲಿ ಮೊದಲಿನಿಂದಲೂ ಇದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆರಡೂ ಉಳಿದಿವೆ. ಆದರೆ ಮಗು ಮನೆಯಲ್ಲಿ, ತಾಯಿ ಆಫೀಸಿನಲ್ಲಿ ಇದ್ದಾಗ ಆ ಬಿಡುವಿನಲ್ಲಿ ಎಲ್ಲಿ ಕೂರಬೇಕು? ನಾನು ಕೆಲಸ ಮಾಡಿದ ಒಂದು ಕಡೆ ಸಿಗರೇಟು ಸೇದುವವರಿಗೆ ಬೇರೆ ಜಾಗವಿತ್ತು, ಹಾಲು ತೆಗೆಯಬೇಕಾದವಳಿಗೆ ಟಾಯ್ಲೆಟ್ಟೇ ಗತಿ. ನಮ್ಮ ಊಟವನ್ನು ಟಾಯ್ಲೆಟ್ಟಿನಲ್ಲಿ ತಯಾರಿಸಿದರೆ ತಿನ್ನುತ್ತೇವೆಯೇ? ಒಂದು ಚಿಕ್ಕ ಕೋಣೆ, ಒಳಗಿನಿಂದ ಚಿಲಕ, ಒಂದು ಕುರ್ಚಿ, ಕೈ ತೊಳೆಯಲು ನೀರು, ಒಂದು ಫ್ರಿಜ್ಜು. ಇಷ್ಟಿದ್ದರೆ ಬಟ್ಟೆ ಒದ್ದೆ ಮಾಡಿಕೊಂಡು ಮೀಟಿಂಗಿನಲ್ಲಿ ಕೈಕಟ್ಟಿ ಕೂರುವ ಸಂಕಟ ಎಷ್ಟೋ ಕಡಿಮೆಯಾಗುತ್ತದೆ, ಮಗುವಿಗೆ ಮರುದಿನದ ಹಾಲೂ ಸಿಗುತ್ತದೆ.

ಹನಿ ಹನಿ ಉಳಿಸುವ ಜವಾಬ್ದಾರಿಯನ್ನೆಲ್ಲ ತಾಯಿಯ ತಲೆಗೆ ಕಟ್ಟಿ, ಒಂದು ಕೋಣೆ ಕೊಡಲು ಮಾತ್ರ ನಾವು ಜುಗ್ಗತನ ಮಾಡುತ್ತಿದ್ದೇವೆ ಅನ್ನಿಸುತ್ತದೆ. ನಿಮ್ಮ ಆಫೀಸಿನಲ್ಲಿ ಹೇಗಿದೆ? ಮನೆಯಲ್ಲಿ ಈ ಮಾತು ಆಡುತ್ತೀರಾ? ನೀವೇನಂತೀರಿ...