ಹೆಂಗಸರ ಜಿಮ್: ಬೇಡ ಎನ್ನುವ ಮೊದಲು

ಒಂದು ದಿನ ಮದ್ರಸ ಬಿಟ್ಟು ಮನೆಗೆ ಬಂದಾಗ ನಮ್ಮ ಮನೆಯವಳು ಕೇಳಿದಳು, "ಪೇಟೆಯಲ್ಲಿ ಹೆಂಗಸರಿಗೇ ಅಂತ ಜಿಮ್ ಆಗಿದೆಯಂತೆ. ಎಲ್ಲರೂ ಒಟ್ಟಿಗೆ ಮಾಡುವ ಕ್ಲಾಸಂತೆ. ನೆರೆಮನೆಯವರು ಸೇರಿದ್ದಾರೆ. ನಾನೂ ಹೋಗಲಾ?"

ನಮ್ಮ ಬಾಯಿಂದ ಮೊದಲು ಬಂದದ್ದು "ಅದೆಲ್ಲ ನಮಗೆ ಯಾಕೆ?" ಎಂಬ ಮಾತು. ಅವಳು ವಾದ ಮಾಡಲಿಲ್ಲ. "ಸುಜೂದಿಗೆ ಹೋದರೆ ಏಳ್ಲಿಕ್ಕೆ ಆಗುದಿಲ್ಲ, ಮೊಣಕಾಲು ಹಿಡೀತದೆ" ಅಂದಳು, ಅಷ್ಟೆ. ಆ ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮ ಮನೆಗಳನ್ನೇ ನೋಡಿ. ಐವತ್ತು ದಾಟುವ ಮೊದಲೇ ಕುರ್ಚಿಯಲ್ಲಿ ಕೂತು ನಮಾಝ್ ಮಾಡುವ ಉಮ್ಮಂದಿರು ಎಷ್ಟು ಮಂದಿ! ಫ್ರಿಜ್ಜಿನ ಮೇಲೆ ಶುಗರ್ ಮಾತ್ರೆ, ಅದರ ಪಕ್ಕ ಬಿಪಿ ಮಾತ್ರೆ. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ನಮ್ಮ ಅಜ್ಜಿಯಂದಿರು ಬಾವಿಯಿಂದ ನೀರು ಸೇದಿದರು, ಕಡೆಯುವ ಕಲ್ಲಿನಲ್ಲಿ ಅರೆದರು. ಈಗ ಪಂಪು, ಗ್ರೈಂಡರ್, ಗೇಟಿನ ತನಕ ಬರುವ ಆಟೊ. ನೈಚೋರು, ಬಿರಿಯಾನಿ ಮಾತ್ರ ಕಡಿಮೆಯಾಗಿಲ್ಲ.

"ಮನೆಕೆಲಸವೇ ವ್ಯಾಯಾಮ ಅಲ್ವಾ?" ಎಂದು ಗಂಡಸರು ಕೇಳುತ್ತೇವೆ. ಒಲೆಯ ಮುಂದೆ ನಿಂತು ಸುಸ್ತಾಗುವುದು ಬೇರೆ, ಮೈಗೆ ಬಲ ಬರುವುದು ಬೇರೆ. ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ಏರುವಷ್ಟು ವ್ಯಾಯಾಮ, ಅದರ ಜೊತೆ ಎರಡು ದಿನವಾದರೂ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ದೀನ್ ಇದಕ್ಕೆ ಅಡ್ಡ ಬರುತ್ತದೆಯೇ? ಪ್ರವಾದಿ ಮುಹಮ್ಮದ್ (ಸ.ಅ.) ಪ್ರಯಾಣವೊಂದರಲ್ಲಿ ಜೊತೆಗಿದ್ದವರನ್ನು ಮುಂದೆ ಕಳುಹಿಸಿ, ಆಯಿಶಾ (ರ) ಅವರೊಂದಿಗೆ ಓಟದ ಸ್ಪರ್ಧೆ ನಡೆಸಿದರು. ಮೊದಲ ಸಲ ಆಯಿಶಾ ಗೆದ್ದರು. ವರ್ಷಗಳ ನಂತರ ಅವರು ಮೈ ತುಂಬಿಕೊಂಡಾಗ ಮತ್ತೊಮ್ಮೆ ಓಡಿದರು, ಆಗ ಪ್ರವಾದಿ ಗೆದ್ದರು. ಇಬಾದತ್‌ನಲ್ಲೇ ಮುಳುಗಿದ್ದ ಅಬ್ದುಲ್ಲಾಹ್ ಬಿನ್ ಅಮ್ರ್ (ರ) ಅವರಿಗೆ, ಶರೀರಕ್ಕೂ ನಿಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ ತಿಳಿಹೇಳಿದ್ದೂ ಹದೀಸ್‌ನಲ್ಲಿದೆ. ಆ ಹಕ್ಕು ಗಂಡಸಿನ ಶರೀರಕ್ಕೆ ಮಾತ್ರ ಎಂದು ಎಲ್ಲೂ ಇಲ್ಲ.

2025ರಲ್ಲಿ ಕೇರಳದ ಶಾಲೆಗಳಲ್ಲಿ ಝುಂಬಾ ತಂದಾಗ ಅಲ್ಲಿ ದೊಡ್ಡ ಚರ್ಚೆಯಾಯಿತು. ಗಂಡು ಹೆಣ್ಣು ಒಟ್ಟಿಗೆ ಸೇರುವುದು, ಉಡುಪು ಇವು ಆಕ್ಷೇಪದ ಮುಖ್ಯ ವಿಷಯಗಳಾಗಿದ್ದವು. ಹಾಗಾದರೆ ಆ ಆಕ್ಷೇಪಕ್ಕೆ ಎಡೆಯಿಲ್ಲದ ಜಾಗ ಸಿಕ್ಕಾಗಲೂ ನಾವು ಬೇಡ ಎಂದರೆ, ನಮ್ಮ ವಿರೋಧ ಯಾವುದಕ್ಕೆ? ಕೇಳಬೇಕಾದ ಪ್ರಶ್ನೆಗಳನ್ನು ಖಂಡಿತ ಕೇಳಬೇಕು. ಕಲಿಸುವವರು ಹೆಂಗಸರೇ? ಹೊರಗಿನಿಂದ ಕಾಣುತ್ತದೆಯೇ? ಕ್ಲಾಸಿನೊಳಗೆ ಕ್ಯಾಮರಾ ಇದೆಯೇ? ಫೋಟೊ, ರೀಲ್ಸ್ ತೆಗೆಯುತ್ತಾರೆಯೇ? ಯಾವ ಹಾಡು ಹಾಕುತ್ತಾರೆ, ಹಾಡಿಲ್ಲದೆ ನಡೆಸಬಹುದೇ? ಉತ್ತರ ಸರಿಯಿದ್ದರೆ ತಡೆಯಲು ನಮ್ಮಲ್ಲಿ ಕಾರಣ ಉಳಿಯುವುದಿಲ್ಲ. ನಮ್ಮ ಹುಡುಗರು ರಾತ್ರಿ ಹನ್ನೊಂದಕ್ಕೆ ಟರ್ಫ್‌ನಲ್ಲಿ ಚೆಂಡು ಒದೆಯುವಾಗ ಯಾರೂ ಫತ್ವಾ ಕೇಳಿದ್ದಿಲ್ಲ ಮಾರಾಯ್ರೆ!

ಮನೆಯಲ್ಲೇ ಮಾಡಲಿ ಎನ್ನುವವರಿದ್ದಾರೆ. ದುಡ್ಡು ಕೊಟ್ಟು ತಂದ ಟ್ರೆಡ್‌ಮಿಲ್ ಮೇಲೆ ಬಟ್ಟೆ ಒಣಗುತ್ತಿರುವ ಮನೆಗಳನ್ನು ನಾವೇ ಕಂಡಿದ್ದೇವೆ. ಹತ್ತು ಜನ ಒಟ್ಟಿಗಿದ್ದರೆ ಎರಡು ದಿನ ತಪ್ಪಿಸಿದವಳಿಗೆ ಮೂರನೇ ದಿನ ಫೋನ್ ಬರುತ್ತದೆ. ಗಂಡ ಗಲ್ಫ್‌ನಲ್ಲಿರುವ ಹೆಣ್ಣುಮಗಳಿಗೆ ಒಂದು ಗಂಟೆ ನಗಲಿಕ್ಕೆ ಜೊತೆ ಸಿಗುತ್ತದೆ. ಇದೂ ಔಷಧಿಯೇ.

ನಮ್ಮವಳು ನೆರೆಮನೆಯವರ ಜೊತೆ ಹೋಗಿ ಈ ಪ್ರಶ್ನೆಗಳನ್ನೆಲ್ಲ ಕೇಳಿ ಬಂದಳು. ಡಾಕ್ಟರಿಗೂ ಮೊಣಕಾಲು ತೋರಿಸಿ, ಯಾವ ವ್ಯಾಯಾಮ ಮಾಡಬಾರದು ಎಂದು ತಿಳಿದುಕೊಂಡು ಸೇರಿದಳು. ಮೂರು ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ. ಸುಜೂದಿನಿಂದ ಏಳುವುದು ಮೊದಲಿಗಿಂತ ಸುಲಭ ಅನ್ನುತ್ತಾಳೆ. ವಾರದಲ್ಲಿ ಮೂರು ದಿನ ಸಂಜೆಯ ಚಹಾ ನಾವೇ ಮಾಡುತ್ತೇವೆ. ಬರೇ "ಹೋಗು" ಎಂದರೆ ಸಾಲದು. ಆ ಒಂದು ಗಂಟೆ ಮಗುವನ್ನು ನೋಡಿಕೊಳ್ಳಲಿಕ್ಕೆ, ಒಲೆಯ ಹತ್ತಿರ ನಿಲ್ಲಲಿಕ್ಕೆ ಯಾರಾದರೂ ಬೇಕಲ್ಲ?

ಇನ್ನು ಜಮಾಅತಿನವರಲ್ಲಿ ಒಂದು ಮಾತು. ತಿಂಗಳ ಫೀಸು ಕಟ್ಟಲಾಗದ ಮನೆಗಳು ನಮ್ಮಲ್ಲಿ ಬಹಳ ಇವೆ. ಬೆಳಗ್ಗಿನ ಕ್ಲಾಸ್ ಮುಗಿದ ಮೇಲೆ ನಮ್ಮ ಎಷ್ಟೋ ಮದ್ರಸಗಳ ಹಾಲ್ ಸಂಜೆ ತನಕ ಖಾಲಿ. ಝುಹರ್ ಮತ್ತು ಅಸ್ರ್ ನಡುವೆ ಬಾಗಿಲು ಹಾಕಿ, ತರಬೇತಿ ಪಡೆದ ಒಬ್ಬರು ಹೆಂಗಸನ್ನು ಕರೆಸಿದರೆ ಊರಿನ ಉಮ್ಮಂದಿರಿಗೆಲ್ಲ ಅನುಕೂಲ. ಕುರ್ಚಿ ಕೊಡಿಸುವ ಖರ್ಚಿಗಿಂತ ಅದು ದೊಡ್ಡದೇನಲ್ಲ. ಮುಂದಿನ ಕಮಿಟಿ ಮೀಟಿಂಗಿನಲ್ಲಿ ಒಬ್ಬರಾದರೂ ಈ ವಿಷಯ ಎತ್ತಲಿ. ನಮ್ಮ ಮದ್ರಸದಲ್ಲಿ ನಾವೇ ಎತ್ತುತ್ತೇವೆ, ಇನ್‌ಶಾ ಅಲ್ಲಾಹ್.