ಪಾರ್ಕು ಎಲ್ಲರಿಗೂ, ಬಿಲ್ ಹೊಸಬರಿಗೆ

"ಊರು ಬೆಳೆದರೆ ಅದರ ಖರ್ಚನ್ನು ಹೊಸದಾಗಿ ಬಂದವರೇ ಕೊಡಲಿ." ಕ್ಯಾಲಿಫೋರ್ನಿಯಾದಲ್ಲಿ ಹೊಸ ಅಪಾರ್ಟ್‌ಮೆಂಟಿನ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಎದ್ದು ನಿಂತು ಈ ಅರ್ಥದ ಮಾತು ಹೇಳಿಯೇ ಹೇಳುತ್ತಾರೆ. ಕೇಳೋಕೆ ಎಷ್ಟು ನ್ಯಾಯ ಅನ್ನಿಸುತ್ತೆ ಅಂದ್ರೆ, ಎದುರು ಮಾತಾಡಿದವನನ್ನು ಬಿಲ್ಡರ್ ಕಡೆಯವನು ಅಂತಲೇ ತಿಳ್ಕೋತಾರೆ. ನಾನು ಬಿಲ್ಡರ್ ಕಡೆಯವನಲ್ಲ. ಬೇ ಏರಿಯಾದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿದ್ದುಕೊಂಡು ಕೋಡ್ ಬರೆದು ಹೊಟ್ಟೆ ಹೊರೆಯುವವನು. ಪಾರ್ಕು ಅಂದ್ರೆ ನನಗೂ ಇಷ್ಟ. ಆದರೂ ಈ ಮಾತಿನ ಹಿಂದಿರುವ ಲೆಕ್ಕವನ್ನು ಒಂದು ಸಲ ಬಿಚ್ಚಿ ನೋಡಿದ ಮೇಲೆ ಸುಮ್ಮನಿರೋಕೆ ಆಗ್ತಿಲ್ಲ.

ವಿಷಯ ಇದು. ಇಲ್ಲಿ ಯಾರಾದರೂ ಜಮೀನು ಒಡೆದು ಸೈಟು ಮಾಡಿದರೆ ಅಥವಾ ಕಾಂಡೋ ಕಟ್ಟಿದರೆ, ಅದರಲ್ಲಿ ಒಂದು ಪಾಲು ಜಾಗವನ್ನು ಪಾರ್ಕಿಗೆ ಬಿಟ್ಟುಕೊಡು ಅಥವಾ ಅಷ್ಟು ಜಾಗದ ಬೆಲೆ ಕಟ್ಟು ಅಂತ ಊರಿನ ಸರ್ಕಾರ ಕೇಳಬಹುದು. ಅದಕ್ಕೆ ಪಾರ್ಕ್ ಡೆಡಿಕೇಶನ್ ಫೀ ಅಂತಾರೆ. 1965ರ ಕ್ವಿಂಬಿ ಆಕ್ಟ್ ಇದಕ್ಕೆ ಆಧಾರ. ಬಾಡಿಗೆ ಅಪಾರ್ಟ್‌ಮೆಂಟ್ ಕಟ್ಟಿದಾಗ ಜಮೀನು ಒಡೆಯುವ ಪ್ರಶ್ನೆ ಬರುವುದಿಲ್ಲವಲ್ಲ, ಅದಕ್ಕೆ ಬಹಳ ಊರುಗಳು 1987ರ ಮಿಟಿಗೇಶನ್ ಫೀ ಆಕ್ಟ್ ಅಡಿಯಲ್ಲಿ ಇನ್ನೊಂದು ಪಾರ್ಕ್ ಫೀ ಇಟ್ಟುಕೊಂಡಿವೆ. ಅಂತೂ ಕೊಳ್ಳುವವನೂ ತಪ್ಪಿಸಿಕೊಳ್ಳುವಂತಿಲ್ಲ, ಬಾಡಿಗೆಗೆ ಬರುವವನೂ ತಪ್ಪಿಸಿಕೊಳ್ಳುವಂತಿಲ್ಲ.

ಈಗ ಲೆಕ್ಕ. ನಾಲ್ಕೇ ಸಂಖ್ಯೆ ಸ್ವಾಮಿ, ಕ್ಯಾಲ್ಕುಲೇಟರೂ ಬೇಡ. ಎಷ್ಟು ಮನೆ, ಮನೆಗೆ ಸರಾಸರಿ ಎಷ್ಟು ಜನ, ಸಾವಿರ ಜನಕ್ಕೆ ಎಷ್ಟು ಎಕರೆ ಪಾರ್ಕು, ಎಕರೆಗೆ ಎಷ್ಟು ಬೆಲೆ. ನಾಲ್ಕನ್ನೂ ಗುಣಿಸಿ ಸಾವಿರದಿಂದ ಭಾಗಿಸಿ.

ಉದಾಹರಣೆಗೆ 100 ಫ್ಲ್ಯಾಟು, ಮನೆಗೆ ಎರಡೂವರೆ ಜನ ಅಂದುಕೊಳ್ಳಿ. 250 ಜನ ಆಯ್ತು. ಸಾವಿರಕ್ಕೆ 3 ಎಕರೆಯಂತೆ ಮುಕ್ಕಾಲು ಎಕರೆ. ಎಕರೆಗೆ 40 ಲಕ್ಷ ಡಾಲರ್ ಅಂತ ಹಿಡಿದರೆ ಒಟ್ಟು 30 ಲಕ್ಷ ಡಾಲರ್, ಅಂದರೆ ಫ್ಲ್ಯಾಟಿಗೆ 30 ಸಾವಿರ. ಸಾವಿರಕ್ಕೆ 5 ಎಕರೆ ಅಂದರೆ ಅದೇ ಫ್ಲ್ಯಾಟಿಗೆ 50 ಸಾವಿರ. (ಬೆಲೆ ನಾನು ಲೆಕ್ಕಕ್ಕೆ ಹಿಡಿದದ್ದು. ನೀವಿರುವ ಊರಿನ ಫೀ ಶೆಡ್ಯೂಲ್ ತೆಗೆದು ನಿಮ್ಮದನ್ನು ಹಾಕಿ ನೋಡಿ.)

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ನಮ್ಮ ಕಸುಬಿನಲ್ಲಿರುವವರಿಗೆ ಗೊತ್ತು, ಪ್ರೋಗ್ರಾಮ್ ಸರಿಯಾಗಿ ಓಡುತ್ತಿದೆ ಅಂದ ಮಾತ್ರಕ್ಕೆ ಅದರೊಳಗೆ ಯಾರೋ ಕೂರಿಸಿದ ಕಾನ್‌ಸ್ಟಂಟುಗಳು ಸರಿ ಅಂತೇನಿಲ್ಲ. ಆ 3 ಎಲ್ಲಿಂದ ಬಂತು? ಆ ಎರಡೂವರೆ ಯಾರದು? ಆ 40 ಲಕ್ಷದಲ್ಲಿ ಏನು ಕೊಳ್ಳುತ್ತಾರೆ? ಒಂದೊಂದಾಗಿ ನೋಡೋಣ.

ಮೊದಲು ಆ 3. ಊರಿನಲ್ಲಿ ಈಗಾಗಲೇ ಸಾವಿರ ಜನಕ್ಕೆ 3 ಎಕರೆಗಿಂತ ಹೆಚ್ಚು ಪಾರ್ಕು ಇದ್ದರೆ, ಇರುವ ಪ್ರಮಾಣದಲ್ಲೇ ಹೊಸಬರಿಂದಲೂ ಕೇಳಬಹುದು, ಆದರೆ 5 ಎಕರೆ ದಾಟುವಂತಿಲ್ಲ ಅನ್ನುತ್ತದೆ ಕಾನೂನು. ಒಪ್ಪೋಣ. ನಮ್ಮ ಹತ್ತಿರ ಎಷ್ಟಿದೆಯೋ ಅಷ್ಟನ್ನು ನೀವೂ ತನ್ನಿ ಅನ್ನುವುದು ನ್ಯಾಯವೇ. ಆದರೆ ಊರಿನಲ್ಲಿ 3 ಎಕರೆಗಿಂತ ಕಡಿಮೆ ಇದ್ದರೆ? ಆಗಲೂ ಹೊಸಬರಿಂದ 3 ಎಕರೆ ಕೇಳಬಹುದು! ಲಕ್ಷ ಜನರ ಒಂದು ಊರಲ್ಲಿ 150 ಎಕರೆ ಪಾರ್ಕಿದೆ ಅಂತಿಟ್ಟುಕೊಳ್ಳಿ. ಸಾವಿರಕ್ಕೆ ಒಂದೂವರೆ ಎಕರೆ. ಆ ಊರು ಐವತ್ತು ಅರವತ್ತು ವರ್ಷದಲ್ಲಿ ತನಗಾಗಿ ಮಾಡಿಕೊಂಡದ್ದು ಅಷ್ಟೇ. ನಾಳೆ ಬರುವ 250 ಜನ ಮಾತ್ರ ಅದರ ಎರಡರಷ್ಟು ತರಬೇಕು. ಹಳೆಯ ಲಕ್ಷ ಜನರ ಲೆಕ್ಕದಲ್ಲಿ ಕೊರತೆ ಇರುವ 150 ಎಕರೆ ಬಗ್ಗೆ ಯಾರೂ ಬಿಲ್ ಕಳಿಸುವುದಿಲ್ಲ. ಊಟ ಮಾಡಿದವರೆಲ್ಲ ಎದ್ದು ಹೋದ ಮೇಲೆ ಕೊನೆಯ ಪಂಕ್ತಿಗೆ ಬಂದವನ ಮುಂದೆ ಇಡೀ ಛತ್ರದ ಬಾಕಿ ಇಟ್ಟ ಹಾಗೆ.

ಎರಡನೆಯದು ಆ ಎರಡೂವರೆ ಜನ. ಜನಗಣತಿಯ ಸರಾಸರಿಯಿಂದ ಬರುವ ಸಂಖ್ಯೆ ಇದು. ಬೇರೆ ಮನೆಗೆ ಒಂದು, ಅಪಾರ್ಟ್‌ಮೆಂಟಿಗೆ ಒಂದು ಅಂತ ಎರಡು ಮೂರು ಗುಂಪು ಮಾಡಿ ಕೈ ತೊಳೆದುಕೊಳ್ಳುವ ಊರುಗಳಿವೆ. ಆಗ ಒಬ್ಬನೇ ಇರುವ ಸ್ಟುಡಿಯೋಗೂ ಅಪ್ಪ ಅಮ್ಮ ಮೂರು ಮಕ್ಕಳಿರುವ ಮೂರು ಬೆಡ್‌ರೂಮಿಗೂ ಒಂದೇ ಫೀ. ಪರಿಣಾಮ ಏನು? ಮನೆಗೆ ಇಷ್ಟು ಅಂತ ಫೀ ಇದ್ದರೆ ಬಿಲ್ಡರ್ ಚಿಕ್ಕ ಮನೆ ಯಾಕೆ ಕಟ್ಟುತ್ತಾನೆ? ಅದೇ ಫೀಗೆ ದೊಡ್ಡದನ್ನೇ ಕಟ್ಟಿ ದೊಡ್ಡ ಬೆಲೆಗೆ ಮಾರುತ್ತಾನೆ. ಮೊದಲ ಮನೆ ಕೊಳ್ಳಲು ಕಾದು ಕೂತವರಿಗೆ ಬೇಕಾದದ್ದೇ ಆ ಚಿಕ್ಕ ಮನೆ. ಸರ್ಕಾರಕ್ಕೆ ಇದು ಗೊತ್ತಿಲ್ಲ ಅನ್ನಬೇಡಿ. 2021ರಲ್ಲಿ ಎಬಿ 602 ಅನ್ನುವ ಕಾನೂನು ಬಂತು. 2022ರ ಜುಲೈ ನಂತರ ಹೊಸ ಅಧ್ಯಯನ ಮಾಡಿ ಮನೆಗಳ ಮೇಲೆ ಇಂಪ್ಯಾಕ್ಟ್ ಫೀ ಹಾಕುವ ಊರುಗಳು ಚದರಡಿ ಲೆಕ್ಕದಲ್ಲಿ ಹಾಕಬೇಕು, ಇಲ್ಲದಿದ್ದರೆ ಯಾಕಿಲ್ಲ ಅಂತ ಕಾರಣ ಬರೆದಿಡಬೇಕು. ಒಳ್ಳೆಯ ಕೆಲಸ. ಆದರೆ ಮಿಟಿಗೇಶನ್ ಫೀ ಆಕ್ಟಿನಲ್ಲಿ 'ಫೀ' ಅಂದರೇನು ಅನ್ನುವ ವಿವರಣೆಯೇ ಕ್ವಿಂಬಿ ಫೀಯನ್ನು ಹೊರಗಿಟ್ಟಿದೆ. ಹೀಗಾಗಿ ಬಾಡಿಗೆ ಮನೆಯ ಪಾರ್ಕ್ ಫೀಗೆ ಒಂದು ನ್ಯಾಯ, ಕಾಂಡೋ ಫೀಗೆ ಇನ್ನೊಂದು.

ಮೂರನೆಯದೇ ನನಗೆ ನಿಜಕ್ಕೂ ಸಿಟ್ಟು ಬರಿಸಿದ್ದು. ಫೀ ಲೆಕ್ಕ ಹಾಕುವಾಗ ಜಾಗದ ಬೆಲೆ ಹಿಡಿಯುತ್ತಾರೆ. ಯಾಕೆ? ಜಾಗ ಕೊಡುವ ಬದಲು ದುಡ್ಡು ಕೊಡುತ್ತಿದ್ದೀರಿ, ಆ ದುಡ್ಡಲ್ಲಿ ಅಷ್ಟೇ ಜಾಗ ಕೊಳ್ಳಬೇಕಲ್ಲ ಅನ್ನುವುದು ತರ್ಕ. ಸರಿ. ಮೇಲಿನ ಉದಾಹರಣೆಯಲ್ಲಿ ಒಂದು ಫ್ಲ್ಯಾಟಿನ ಪಾಲಿಗೆ ಬರುವುದು ಸುಮಾರು 327 ಚದರಡಿ ಜಾಗ. ನಮ್ಮ 30-40 ಸೈಟಿನ ಕಾಲು ಭಾಗಕ್ಕಿಂತ ತುಸು ಹೆಚ್ಚು. ಆ 327 ಚದರಡಿ ಎಲ್ಲಿ? ಬಹಳ ಕಡೆ ಎಲ್ಲೂ ಇಲ್ಲ. ಯಾಕೆಂದರೆ ಈ ದುಡ್ಡನ್ನು ಹೊಸ ಪಾರ್ಕಿಗೂ ಬಳಸಬಹುದು, ಇರುವ ಪಾರ್ಕನ್ನು ದುರಸ್ತಿ ಮಾಡಿ ಹೊಸದಾಗಿಸಲೂ ಬಳಸಬಹುದು ಅಂತ ಕಾನೂನೇ ಹೇಳುತ್ತದೆ. ದಿನನಿತ್ಯದ ನಿರ್ವಹಣೆಗೆ ಮಾತ್ರ ಮುಟ್ಟುವಂತಿಲ್ಲ. ಊರೆಲ್ಲ ಕಟ್ಟಿ ತುಂಬಿದ ಮೇಲೆ ಖಾಲಿ ಜಾಗ ಹುಡುಕಿ ಕೊಳ್ಳುವುದು ತಲೆನೋವು, ಹಳೆಯ ಪಾರ್ಕಿನ ಜೋಕಾಲಿ ಬದಲಿಸುವುದು ಸುಲಭ. ಹಾಗಾಗಿ ವಸೂಲಿ ಭೂಮಿಯ ದರದಲ್ಲಿ, ಖರ್ಚು ಜೋಕಾಲಿಯ ದರದಲ್ಲಿ!

ಇನ್ನೊಂದು ಮಾತು. 50 ಅಥವಾ ಅದಕ್ಕಿಂತ ಕಡಿಮೆ ಸೈಟಿನ ಬಡಾವಣೆಯಿಂದ ಜಾಗ ಕೇಳುವಂತಿಲ್ಲ, ದುಡ್ಡು ಮಾತ್ರ ಕೇಳಬಹುದು (50ಕ್ಕಿಂತ ಹೆಚ್ಚು ಮನೆಗಳ ಕಾಂಡೋ ಆದರೆ ಜಾಗವನ್ನೂ ಕೇಳಬಹುದು). ತುಂಬಿದ ಊರಿನಲ್ಲಿ ಬರುವ ಕಟ್ಟಡಗಳಲ್ಲಿ ಚಿಕ್ಕವೇ ಜಾಸ್ತಿ. ಅಂದರೆ ಅಲ್ಲಿ 'ಜಾಗ ಅಥವಾ ದುಡ್ಡು' ಅನ್ನುವುದು ಬಹಳ ಸಲ ಬರೀ ದುಡ್ಡು. ಆ ದುಡ್ಡನ್ನು ಐದು ವರ್ಷದೊಳಗೆ ಯಾವುದಾದರೂ ಕೆಲಸಕ್ಕೆ ಗೊತ್ತು ಮಾಡಬೇಕು, ಇಲ್ಲದಿದ್ದರೆ ಆ ಬಡಾವಣೆಯ ಮಾಲೀಕರಿಗೆ ಹಂಚಬೇಕು ಅಂತ ನಿಯಮವಿದೆ. 'ಗೊತ್ತು ಮಾಡುವುದು' ಬೇರೆ, ಖರ್ಚು ಮಾಡುವುದು ಬೇರೆ. ಅಷ್ಟರಲ್ಲಿ ಜಾಗದ ಬೆಲೆ ಏರಿದರೆ ನಿಮ್ಮ 327 ಚದರಡಿ ಕುಗ್ಗುತ್ತಾ ಹೋಗುತ್ತದೆ.

ಹಾಗಾದರೆ ಊರಿನವರು ಕೆಟ್ಟವರೇ? ಅಲ್ಲಪ್ಪ. ಅವರ ಕೈ ಕಟ್ಟಿರುವುದು 1978ರ ಪ್ರಪೊಸಿಷನ್ 13. ಮನೆ ಕೊಂಡಾಗಿನ ಬೆಲೆಯ ಮೇಲೆ ಮೂಲ ತೆರಿಗೆ 1%, ಆಮೇಲೆ ಆ ಬೆಲೆಯನ್ನು ವರ್ಷಕ್ಕೆ ಹೆಚ್ಚೆಂದರೆ 2% ಏರಿಸಬಹುದು. ಪಾರ್ಕಿಗಂತ ವಿಶೇಷ ತೆರಿಗೆ ಹಾಕೋಣ ಅಂತ ಕೌನ್ಸಿಲ್ ಹೊರಟರೆ ಮೂರನೇ ಎರಡು ಭಾಗ ವೋಟು ಬೇಕು. ಹಳಬರನ್ನು ಕೇಳುವುದು ಇಷ್ಟು ಕಷ್ಟ ಇರುವಾಗ ಕೌನ್ಸಿಲ್ ಯಾರ ಕಡೆ ತಿರುಗುತ್ತದೆ? ಇನ್ನೂ ಊರಿಗೇ ಬಾರದವನ ಕಡೆ. ಅವನಿಗೆ ವೋಟಿಲ್ಲ, ಮೀಟಿಂಗಿಗೆ ಬರುವುದಿಲ್ಲ, ತಾನು ಫೀ ಕಟ್ಟಿದ್ದೇನೆ ಅನ್ನುವುದೂ ಅವನಿಗೆ ಗೊತ್ತಾಗುವುದಿಲ್ಲ, ಮನೆಯ ಬೆಲೆಯೊಳಗೆ ಸೇರಿಹೋಗಿರುತ್ತದೆ. ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗಬೇಕು! :-)

"ಫೀ ಕಟ್ಟುವವನು ಬಿಲ್ಡರ್, ನಿನಗೇನು ಕಷ್ಟ?" ಅಂತ ಕೇಳಬಹುದು. ಒಂದು ಪಾಲು ಬಿಲ್ಡರ್ ಲಾಭದಿಂದ ಹೋಗಬಹುದು, ಒಂದು ಪಾಲು ಜಮೀನು ಮಾರಿದವನಿಗೆ ಸಿಗುವ ಬೆಲೆಯಿಂದ ಕಡಿಮೆಯಾಗಬಹುದು. ಆದರೆ ಮನೆಗೆ ಬರ ಇರುವ ಕಡೆ ಉಳಿದದ್ದು ಮನೆ ಕೊಳ್ಳುವವನ, ಬಾಡಿಗೆ ಕೊಡುವವನ ತಲೆಗೇ. ಲೆಕ್ಕ ಕೈಕೊಟ್ಟರೆ ಕಟ್ಟಡವೇ ಏಳುವುದಿಲ್ಲ, ಆಗ ಬಾಡಿಗೆ ಇನ್ನೂ ಏರುತ್ತದೆ.

ಇನ್ನು "ಫೀ ತೆಗೆದುಬಿಟ್ಟರೆ ನಿಮ್ಮ ಬೆಂಗಳೂರಿನ ಗತಿ ಆಗುತ್ತದೆ" ಅನ್ನುವವರಿಗೆ ಉತ್ತರ ಕೊಡಲೇಬೇಕು. ನಮ್ಮಲ್ಲಿ ಲೆಕ್ಕದ ದಾರಿಯೇ ಬೇರೆ. 1976ರ ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯಲ್ಲಿ 15% ಜಾಗ ಪಾರ್ಕು ಆಟದ ಮೈದಾನಕ್ಕೆ, ಅದರ ಮೇಲೆ 10% ನಾಗರಿಕ ಸೌಲಭ್ಯಕ್ಕೆ. ತಲೆ ಎಣಿಸುವುದಿಲ್ಲ, ನೆಲ ಅಳೆಯುತ್ತಾರೆ. ಇದರ ಕುಂದು ಎಲ್ಲರಿಗೂ ಗೊತ್ತು. ಒಂದು ಸಂಸಾರ ಇರಲಿ ಅಂತ ಕೊಟ್ಟ ಸೈಟಿನಲ್ಲಿ ನಾಲ್ಕು ಮಹಡಿ ಎದ್ದಿರುತ್ತದೆ, ಪಾರ್ಕು ಇದ್ದಷ್ಟೇ. ಈ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ತಲೆ ಲೆಕ್ಕವೇ ವಾಸಿ. ಆದರೆ ನಮ್ಮ ಪದ್ಧತಿಯಲ್ಲಿ ಒಂದು ಗುಣವಿದೆ. ನಕ್ಷೆಯ ಮೇಲೆ ಪಾರ್ಕು ಅಂತ ಬರೆದ ಜಾಗ ಕಣ್ಣಿಗೆ ಕಾಣುತ್ತದೆ, ಕಂಡದ್ದಕ್ಕೆ ಜಗಳ ಮಾಡಬಹುದು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು, ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಅನ್ನುವ ಪ್ರಕರಣ. ಫಂಡಿನಲ್ಲಿ ಕೂತ ದುಡ್ಡಿಗಾಗಿ ಯಾವ ಬೀದಿಯವರು ಹೀಗೆ ಎದ್ದು ಬರುತ್ತಾರೆ ಹೇಳಿ? ಜಾಗದ ಬದಲು ದುಡ್ಡು ಅನ್ನುವ ಉಪಾಯ ಕೇಳಿ ಬಾಯಿ ಚಪ್ಪರಿಸುವವರು ಊರಲ್ಲೂ ಇದ್ದಾರು, ಅವರಿಗೂ ಈ ಮಾತು ನೆನಪಿರಲಿ.

ಫೀ ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ. ತೆಗೆಸಲು ಬೇರೆಯವರು ಕಾಯುತ್ತಿದ್ದಾರೆ. 1971ರಲ್ಲಿ ವಾಲ್‌ನಟ್ ಕ್ರೀಕ್ ಊರಿನ ಮೇಲೆ ಬಿಲ್ಡರುಗಳ ಸಂಘ ಹೂಡಿದ ದಾವೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಕ್ವಿಂಬಿ ಕಾನೂನನ್ನು ಎತ್ತಿಹಿಡಿಯಿತು. ಆದರೆ ಅಮೆರಿಕದ ಸುಪ್ರೀಂ ಕೋರ್ಟ್ 1987ರ ನೊಲನ್ ಪ್ರಕರಣದಲ್ಲಿ ಕೇಳುವುದಕ್ಕೂ ತೊಂದರೆಗೂ ಸಂಬಂಧವಿರಬೇಕು ಅಂದಿತು. 1994ರ ಡೋಲನ್ ಪ್ರಕರಣದಲ್ಲಿ ಪ್ರಮಾಣವೂ ಹೆಚ್ಚುಕಡಿಮೆ ಹೊಂದಬೇಕು ಅಂದಿತು. 2013ರಲ್ಲಿ ದುಡ್ಡು ಕೇಳಿದರೂ ಇದೇ ನಿಯಮ ಅಂದಿತು. 2024ರಲ್ಲಿ ಎಲ್ ಡೊರಾಡೋ ಕೌಂಟಿಯ ಶೀಟ್ಜ್ ಪ್ರಕರಣದಲ್ಲಿ, ಸುಮಾರು 23 ಸಾವಿರ ಡಾಲರಿನ ಒಂದು ರಸ್ತೆ ಫೀ ವಿಚಾರವಾಗಿ, ಶಾಸನ ಮಾಡಿ ಎಲ್ಲರಿಗೂ ಹಾಕಿದ ಫೀ ಅನ್ನುವ ಒಂದೇ ಕಾರಣಕ್ಕೆ ಈ ಪರೀಕ್ಷೆಯಿಂದ ವಿನಾಯಿತಿ ಇಲ್ಲ ಅಂತ ಒಮ್ಮತದಿಂದ ಹೇಳಿತು. ಊರುಗಳು ತಮ್ಮ ಲೆಕ್ಕವನ್ನು ತಾವೇ ಸರಿ ಮಾಡಿಕೊಳ್ಳದಿದ್ದರೆ ವಕೀಲರು ಬಂದು ಸರಿ ಮಾಡುತ್ತಾರೆ. ಅವರು ಮಾಡುವ 'ಸರಿ'ಯಲ್ಲಿ ಪಾರ್ಕು ಉಳಿಯುತ್ತದೆ ಅನ್ನುವ ಭರವಸೆ ನನಗಿಲ್ಲ.

ನಾನು ಕೇಳುವುದು ಮೂರೇ. ಒಂದು, ಊರಿನಲ್ಲಿ ಈಗ ಸಾವಿರಕ್ಕೆ ಎಷ್ಟು ಎಕರೆ ಇದೆಯೋ ಅಷ್ಟನ್ನೇ ಹೊಸಬರಿಂದ ಕೇಳಿ, ಅದಕ್ಕಿಂತ ಹೆಚ್ಚು ಬೇಕಾದರೆ ಆ ಹೆಚ್ಚಿನದನ್ನು ಹಳಬರು ಹೊಸಬರು ಎಲ್ಲರೂ ಸೇರಿ ಕೊಡೋಣ. ಎರಡು, ಕ್ವಿಂಬಿ ಫೀಗೂ ಚದರಡಿ ಲೆಕ್ಕ ತನ್ನಿ. ಮೂರು, ಜಾಗದ ದರದಲ್ಲಿ ವಸೂಲಿ ಮಾಡಿದ್ದರಲ್ಲಿ ಜಾಗವನ್ನೇ ಕೊಳ್ಳಿ, ಚಿಕ್ಕದಾದರೂ ಪರವಾಗಿಲ್ಲ. ದುರಸ್ತಿಗೆ ಬೇಕಿದ್ದರೆ ದುರಸ್ತಿಯ ಖರ್ಚು ತೋರಿಸಿ ಅಷ್ಟೇ ಕೇಳಿ.

ಈ ಪಕ್ಕದ ಊರುಗಳಲ್ಲಿ ಮನೆ ಕಂತು ಕಟ್ಟುತ್ತಿರುವ ಬ್ಲಾಗಿಗರು ಸಾಕಷ್ಟು ಮಂದಿ ಇದ್ದೀರಿ. ಇಪ್ಪತ್ತು ವರ್ಷದ ಹಿಂದೆಯೇ ಮನೆ ಕೊಂಡು ಹಳಬರಾಗಿಬಿಟ್ಟವರೂ ಇದ್ದೀರಿ. ಮುಂದಿನ ಸಲ ನಿಮ್ಮೂರಿನಲ್ಲಿ ಫೀ ಶೆಡ್ಯೂಲ್ ಚರ್ಚೆಗೆ ಬಂದಾಗ ಹೋಗಿ ಆ ಮೂರು ನಿಮಿಷ ಮಾತಾಡಿ. ನಿಮಗೆ ವೋಟಿದೆ, ನಾಳೆ ಬರುವವನಿಗಿಲ್ಲ. ನನ್ನ ಲೆಕ್ಕದಲ್ಲಿ ತಪ್ಪು ಕಂಡರೆ ಕಾಮೆಂಟಿನಲ್ಲಿ ಬೈಯಿರಿ, ಆದರೆ ಸಂಖ್ಯೆ ಸಮೇತ ಬೈಯಿರಿ. ಏನಂತೀರಿ?