‘ಹಾಲು ಸಾಲದು’ ಎನ್ನುವ ಮುನ್ನ

ಮಗು ಹುಟ್ಟಿ ಎರಡು ಮೂರು ತಿಂಗಳಾಗಿರುವ ಮನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುವುದುಂಟು: “ಪಾಪ, ಅವಳಿಗೆ ಹಾಲು ಸಾಲದು.” ಹೇಳುವವರು ಅತ್ತೆಯಾಗಿರಬಹುದು, ನೆರೆಮನೆಯ ಹಿರಿಯರಾಗಿರಬಹುದು, ಎಷ್ಟೋ ವೇಳೆ ಬಾಣಂತಿಯೇ ಕಣ್ಣೀರಿಡುತ್ತ ಹಾಗೆ ಹೇಳಿಕೊಳ್ಳುವಳು. ಮಾತು ಮುಗಿಯುವಷ್ಟರಲ್ಲಿ ಅಂಗಡಿಯಿಂದ ಹಾಲಿನ ಪುಡಿಯ ಡಬ್ಬಿ ಬಂದಿರುತ್ತದೆ. ತಾಯಿಯ ದೇಹದಲ್ಲಿಯೇ ಏನೋ ಊನವಿದೆಯೆಂಬ ತೀರ್ಪು ಅಲ್ಲಿಗೆ ಸ್ಥಿರವಾಗುವುದು. ನಿಜವಾಗಿಯೂ ಹಾಲು ಸಾಲದ ತಾಯಂದಿರು ಇಲ್ಲವೆಂದು ನಾವು ಹೇಳುವುದಿಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಹೆರಿಗೆಯ ಕಾಲದ ಅತಿಯಾದ ರಕ್ತಸ್ರಾವ, ಸ್ತನಗ್ರಂಥಿಗಳ ಬೆಳವಣಿಗೆಯ ಕೊರತೆ ಮೊದಲಾದ ಕಾರಣಗಳಿಂದ ಹಾಗಾಗುವುದುಂಟು. ಅಂಥವರಿಗೆ ವೈದ್ಯರ ಸಲಹೆಯೂ ಬೇಕು, ಪುಡಿಯ ಹಾಲೂ ಬೇಕು. ಆದರೆ ಎಷ್ಟೋ ಮನೆಗಳಲ್ಲಿ ನಿಜಕ್ಕೂ ಸಾಲದೆ ಹೋಗುವುದು ತಾಯಿಯ ವೇಳೆ ಎಂಬುದು ನಮ್ಮ ಅಭಿಪ್ರಾಯ. ಹಾಗೆನ್ನಲು ಶರೀರಶಾಸ್ತ್ರವೇ ನಮಗೆ ಆಧಾರ.

ಸ್ತನವು ಹಾಲು ತುಂಬಿಟ್ಟ ಕೊಡವೆಂದೇ ಸಾಮಾನ್ಯವಾಗಿ ಜನರ ಕಲ್ಪನೆ. ಬೇಸಗೆಯಲ್ಲಿ ಹೊಳೆಯ ಮರಳಿನಲ್ಲಿ ತೋಡಿದ ಒರತೆಗೆ ಅದನ್ನು ಹೋಲಿಸಿದರೆ ಸತ್ಯಕ್ಕೆ ಹೆಚ್ಚು ಹತ್ತಿರವಾದೀತು. ಮೊಗೆದಷ್ಟೂ ನೀರು ಒಸರುವುದು; ಮೊಗೆಯದಿದ್ದರೆ ಗುಂಡಿ ತುಂಬಿ, ಒಸರುವುದು ನಿಲ್ಲುವುದು. ಮಗು ಮೊಲೆಯುಂಡಾಗ ಆ ಸ್ಪರ್ಶದ ಸುದ್ದಿ ನರಗಳ ಮೂಲಕ ಮಿದುಳಿಗೆ ಮುಟ್ಟುವುದು. ಮಿದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಯ ಮುಂಭಾಗದಿಂದ ಪ್ರೋಲ್ಯಾಕ್ಟಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಹಾಲಿನ ತಯಾರಿಕೆಗೆ ಪ್ರೇರಣೆ ಕೊಡುವುದು. ಹಿಂಭಾಗದಿಂದ ಹೊರಡುವ ಆಕ್ಸಿಟೋಸಿನ್ ಹಾಲಿನ ಗೂಡುಗಳ ಸುತ್ತ ಇರುವ ಸಣ್ಣ ಸ್ನಾಯುಕೋಶಗಳನ್ನು ಸಂಕುಚಿಸಿ ಹಾಲನ್ನು ಕೆಳಗೆ ದೂಡುವುದು. ಕರುವನ್ನು ಬಿಡದ ಹೊರತು ಹಾಲು ಇಳಿಸದ ಹಸುವನ್ನು ಕಂಡವರಿಗೆ ಈ ಎರಡನೆಯ ಕ್ರಿಯೆಯನ್ನು ವಿವರಿಸಬೇಕಾಗಿಲ್ಲ. ಹೆದರಿದ ಹಸು ಹಾಲು ಕಟ್ಟಿಕೊಳ್ಳುವಂತೆಯೇ, ಗಾಬರಿಯಲ್ಲಿಯೂ ಅವಸರದಲ್ಲಿಯೂ ಇರುವ ತಾಯಿಗೂ ಹಾಲು ಸುಲಭವಾಗಿ ಇಳಿಯದು. “ಬೇಗ ಕುಡಿಸಿ ಬಾ” ಎನ್ನುವವರು ಇದನ್ನು ಅರಿಯರು.

ಇನ್ನೊಂದು ಸಂಗತಿ ಇದಕ್ಕಿಂತಲೂ ಕುತೂಹಲಕರವಾದುದು. ಮೇಕೆಯ ಕೆಚ್ಚಲಿನಲ್ಲಿ ಎರಡು ಭಾಗಗಳಿರುವುವಷ್ಟೆ. ಒಂದು ಭಾಗವನ್ನು ದಿನಕ್ಕೆ ಎರಡು ಸಲವೂ ಇನ್ನೊಂದನ್ನು ಮೂರು ಸಲವೂ ಕರೆದು ವಿಜ್ಞಾನಿಗಳು ಪರೀಕ್ಷಿಸಿದರು. ಹೆಚ್ಚು ಸಲ ಕರೆದ ಭಾಗದಲ್ಲಿ ಮಾತ್ರ ಹಾಲು ಹೆಚ್ಚಿತು. ಎರಡಕ್ಕೂ ಹರಿಯುವ ರಕ್ತ ಒಂದೇ, ಅದರಲ್ಲಿರುವ ಹಾರ್ಮೋನುಗಳೂ ಒಂದೇ. ಹಾಗಿದ್ದರೂ ಈ ವ್ಯತ್ಯಾಸ ಕಂಡುದರಿಂದ, ಎಷ್ಟು ಹಾಲು ತಯಾರಾಗಬೇಕೆಂಬುದನ್ನು ಕೆಚ್ಚಲಿನ ಆಯಾ ಭಾಗವೇ ತನ್ನಲ್ಲಿ ಉಳಿದ ಹಾಲನ್ನು ಅನುಸರಿಸಿ ನಿಶ್ಚಯಿಸುವುದೆಂದು ತಿಳಿದುಬಂದಿತು. ಮನುಷ್ಯರಲ್ಲಿಯೂ ಹೀಗೆಯೇ. ಖಾಲಿಯಾದ ಸ್ತನದಲ್ಲಿ ತಯಾರಿಕೆ ಚುರುಕಾಗುವುದು. ತುಂಬಿಯೇ ಉಳಿದ ಸ್ತನದಲ್ಲಿ ಮಂದವಾಗುವುದು. ಇಲ್ಲಿ ಒರತೆಯ ಉಪಮಾನ ಸೋಲುವುದೆಂದು ಒಪ್ಪಬೇಕು. ಒರತೆಯನ್ನು ನಾಲ್ಕು ದಿನ ಬಿಟ್ಟು ಬಂದರೂ ನೀರು ಸಿಕ್ಕೀತು. ಸ್ತನವನ್ನು ಹಾಗೆ ಬಿಟ್ಟರೆ ಹಾಲು ಬತ್ತುತ್ತ ಹೋಗುವುದು. ತಾಯಿ ಕೆಲಸದ ಒತ್ತಡದಿಂದ ದಿನಕ್ಕೆ ಮೂರು ಸಲದ ಹಾಲು ತಪ್ಪಿಸಿದಳೆಂದರೆ ಆ ಮೂರು ಸಲದ ನಷ್ಟದಲ್ಲಿಯೇ ಅದು ಮುಗಿಯದು, ಮುಂದಿನ ವಾರದ ಹಾಲಿಗೂ ಅದು ಕುತ್ತಾಗುವುದು. ಆಗ ಮನೆಯವರು ಹೇಳುವ ಮಾತು, “ಅವಳಿಗೆ ಹಾಲು ಸಾಲದು.”

ಅಷ್ಟು ಸಲ ಕುಡಿಸಬೇಕಾದರೂ ಏಕೆ ಎಂದು ಕೇಳಬಹುದು. ಪ್ರಶ್ನೆ ಸಾಧುವಾದುದೇ. ಮೊಲವು ತನ್ನ ಮರಿಗಳಿಗೆ ದಿನಕ್ಕೆ ಒಂದೇ ಸಲ, ಅದೂ ಮೂರು ನಾಲ್ಕು ನಿಮಿಷ ಮಾತ್ರ, ಹಾಲು ಕೊಟ್ಟು ಹೊರಟುಹೋಗುವುದು. ಉತ್ತರ ಅಟ್ಲಾಂಟಿಕದ ಹಿಮದ ಮೇಲೆ ಮರಿಹಾಕುವ, ತಲೆಯ ಮೇಲೆ ಕುಲಾವಿಯಂಥ ಚೀಲವುಳ್ಳ ಒಂದು ಜಾತಿಯ ಸೀಲ್ ನಾಲ್ಕೇ ದಿನ ಹಾಲೂಡಿಸಿ ಮರಿಯನ್ನು ಬಿಟ್ಟು ನಡೆಯುವುದು. ಅದರ ಹಾಲಿನಲ್ಲಿ ಕೊಬ್ಬು ಶೇಕಡ 60ರಷ್ಟು. ಮನುಷ್ಯರ ಹಾಲು ಇದಕ್ಕೆ ತೀರ ವಿರುದ್ಧ. ಅದರಲ್ಲಿ ಕೊಬ್ಬು ಸುಮಾರು ಶೇಕಡ 4, ಪ್ರೋಟೀನು ಶೇಕಡ 1, ಲ್ಯಾಕ್ಟೋಸ್ ಸಕ್ಕರೆ ಶೇಕಡ 7. ಉಳಿದುದು ಹೆಚ್ಚಾಗಿ ನೀರೇ. ತಾಯಿಯ ಮೈಗೆ ಅಂಟಿಕೊಂಡೇ ಬೆಳೆಯುವ, ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕುಡಿಯುವ ಮರಿಗೆ ತಕ್ಕ ಹಾಲು ಇದು. ಕಪಿಗಳದೂ ಇಂಥದೇ. ಆಫ್ರಿಕದ ಕಲಹರಿ ಮರುಭೂಮಿಯಲ್ಲಿ ಬೇಟೆಯಿಂದಲೂ ಗೆಡ್ಡೆಗೆಣಸಿನಿಂದಲೂ ಜೀವಿಸುತ್ತಿದ್ದ ಕುಂಗ್ ಜನರನ್ನು ಅಭ್ಯಸಿಸಿದ ಮೆಲ್ವಿನ್ ಕಾನರ್ ಮತ್ತು ಕ್ಯಾರಲ್ ವರ್ತ್‌ಮನ್ ಎಂಬವರು, ಅಲ್ಲಿನ ತಾಯಂದಿರು ಹಗಲಿನಲ್ಲಿ ಗಂಟೆಗೆ ಹಲವು ಸಲ, ಪ್ರತಿಸಲ ಒಂದೆರಡು ನಿಮಿಷ ಮೊಲೆಯೂಡಿಸುವರೆಂದು 1980ರಲ್ಲಿ ವರದಿ ಮಾಡಿದರು. ಗಂಟೆಯ ಲೆಕ್ಕದ ಕಚೇರಿಗೂ ಕಾರ್ಖಾನೆಗೂ ನೂರು ಇನ್ನೂರು ವರ್ಷಗಳ ವಯಸ್ಸು. ಈ ಹಾಲಿಗೆ ಲಕ್ಷಾಂತರ ವರ್ಷಗಳ ವಯಸ್ಸು.

ಈಗ ಲೆಕ್ಕಕ್ಕೆ ಬರೋಣ. ಎಳೆಯ ಶಿಶುವಿಗೆ ದಿನವೊಂದಕ್ಕೆ 8ರಿಂದ 12 ಸಲ ಹಾಲು ಬೇಕು. ಹತ್ತು ಸಲ ಎಂದಿಟ್ಟುಕೊಳ್ಳೋಣ. ಮಗುವನ್ನು ಎತ್ತಿಕೊಂಡು, ಕುಡಿಸಿ, ಹೆಗಲಿಗೆ ಹಾಕಿ ತೇಗು ಬರಿಸಿ ಮಲಗಿಸುವುದಕ್ಕೆ ಒಂದು ಸಲಕ್ಕೆ 25 ನಿಮಿಷವೆಂದರೆ ಯಾವ ತಾಯಿಯೂ ಅದನ್ನು ಅತಿಶಯವೆನ್ನಲಾರಳು. ದಿನಕ್ಕೆ 250 ನಿಮಿಷ, ಎಂದರೆ ನಾಲ್ಕು ಗಂಟೆಯ ಮೇಲೆ ಹತ್ತು ನಿಮಿಷ. ಆರು ತಿಂಗಳಿಗೆ, 180 ದಿನಗಳಿಗೆ, 750 ಗಂಟೆ. ವಾರಕ್ಕೆ 48 ಗಂಟೆ ದುಡಿಯುವ ಕಾರ್ಮಿಕನಿಗೆ ಇದು ಹದಿನೈದು ವಾರಗಳಿಗೂ ಮೀರಿದ ದುಡಿಮೆ. ಇದರಲ್ಲಿ ರವಿವಾರವಿಲ್ಲ, ನಡುರಾತ್ರಿಯ ಪಾಳಿಯೂ ಸೇರಿದೆ. ಆ ಪಾಳಿಯನ್ನು ತಪ್ಪಿಸುವಂತೆಯೂ ಇಲ್ಲ, ಏಕೆಂದರೆ ಪ್ರೋಲ್ಯಾಕ್ಟಿನ್ನಿನ ಮಟ್ಟ ರಾತ್ರಿಯಲ್ಲಿಯೇ ಹೆಚ್ಚು. ದಿನಕ್ಕೆ ಸುಮಾರು 750 ಮಿಲಿಲೀಟರಿನಂತೆ ಆರು ತಿಂಗಳಿಗೆ 135 ಲೀಟರು ಹಾಲನ್ನು ತಾಯಿ ತಯಾರಿಸುವಳು. ಇದಕ್ಕಾಗಿ ಅವಳಿಗೆ ದಿನಕ್ಕೆ 600 ಕೆಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಹೇಳುತ್ತದೆ. ಇಷ್ಟಾದರೂ ಎದೆಹಾಲಿನ ಗುಣಗಳನ್ನು ಹೊಗಳುವ ಭಾಷಣಗಳಲ್ಲಿ ‘ಇದು ಬಿಟ್ಟಿ ದೊರೆಯುವ ಅಮೃತ’ ಎಂಬ ಮಾತು ತಪ್ಪದೆ ಬರುವುದು! ಬಿಟ್ಟಿ ಎಂಬ ಪದಕ್ಕೆ ಕನ್ನಡದಲ್ಲಿ ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ ಎಂಬ ಅರ್ಥವೂ ಇರುವುದನ್ನು ಭಾಷಣಕಾರರು ಯೋಚಿಸಿರಲಾರರು.

ನಮ್ಮ ಹಿರಿಯರಿಗೆ ಹಾರ್ಮೋನುಗಳ ವಿಷಯ ತಿಳಿದಿರಲಿಲ್ಲ. ವೇಳೆಯ ವಿಷಯ ತಿಳಿದಿತ್ತು. ಚೊಚ್ಚಲ ಹೆರಿಗೆಗೆ ಮಗಳನ್ನು ತೌರಿಗೆ ಕರೆತಂದು ಮೂರು ತಿಂಗಳೋ ಐದು ತಿಂಗಳೋ ಬಾಣಂತನ ಮಾಡುವ ಪದ್ಧತಿಯಲ್ಲಿ, ನೀರು ಕುಡಿಯಬಾರದು, ಗಾಳಿಗೆ ಬರಬಾರದು ಎಂಬ ಕಟ್ಟುಗಳನ್ನು ಬದಿಗಿಟ್ಟರೆ, ಉಳಿಯುವ ತಿರುಳು ಒಂದೇ: ಅಡಿಗೆ, ನೀರು, ಕಸ ಮುಸುರೆಗಳೆಲ್ಲವೂ ಬೇರೆಯವರ ಪಾಲು, ಬಾಣಂತಿಯ ಪಾಲಿಗೆ ಮಗು ಮತ್ತು ನಿದ್ರೆ. ಆದರೆ ಆ ವೇಳೆಯನ್ನು ಒದಗಿಸುತ್ತಿದ್ದವರು ಮತ್ತೊಬ್ಬ ಹೆಂಗಸೇ, ಅವಳ ತಾಯಿ. ಇಂದು ಆ ತಾಯಿಯೂ ಎಷ್ಟೋ ಮನೆಗಳಲ್ಲಿ ದುಡಿಮೆಗೆ ಹೋಗುವವಳು. ಪದ್ಧತಿ ಸಡಿಲಿದಾಗ ಅದರ ಸ್ಥಾನದಲ್ಲಿ ನಾವು ಏನನ್ನು ಇಟ್ಟೆವು?

ಪಂಪನ್ನು ಇಟ್ಟೆವು ಎಂದು ಕೆಲವರು ಹೇಳಬಹುದು. ಎದೆಹಾಲು ತೆಗೆಯುವ ಯಂತ್ರ ಹೊಸದಲ್ಲ. ಅಮೆರಿಕದಲ್ಲಿ ಇದಕ್ಕೆ ಮೊದಲ ಪೇಟೆಂಟು ದೊರೆತದ್ದು 1854ರಲ್ಲಿ. ಚದುರಂಗದ ಪ್ರಸಿದ್ಧ ಆಟಗಾರನೂ ಎಂಜಿನಿಯರನೂ ಆಗಿದ್ದ ಎಡ್ವರ್ಡ್ ಲಾಸ್ಕರ್ 1920ರ ದಶಕದಲ್ಲಿ ಒಂದು ಪಂಪನ್ನು ರೂಪಿಸಿದನು. ದಿನ ತುಂಬದೆ ಹುಟ್ಟಿದ, ಮೊಲೆ ಚೀಪಲಾರದ ಶಿಶುಗಳ ಜೀವವನ್ನು ಉಳಿಸುವುದರಲ್ಲಿ ಈ ಯಂತ್ರದ ಉಪಕಾರ ದೊಡ್ಡದು. ಆದರೆ ಕೆಲಸಕ್ಕೆ ಹೋಗುವ ತಾಯಿಗೆ ಇದರಿಂದ ವೇಳೆ ಉಳಿಯುವುದೆಂಬ ಭ್ರಮೆ ಬೇಡ. ಒಂಬತ್ತು ಗಂಟೆ ಮನೆಯಿಂದ ದೂರವಿರುವವಳು ಹಾಲು ಬತ್ತದಿರಬೇಕಾದರೆ ಎರಡು ಮೂರು ಸಲ ಹಾಲು ತೆಗೆಯಬೇಕು. ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ. ಪಂಪಿನ ಭಾಗಗಳನ್ನು ಬಿಚ್ಚಿ, ಸೋಪಿನಲ್ಲಿ ತೊಳೆದು, ಒಣಗಿಸಲು ಇನ್ನೂ ಹತ್ತು. ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯಲ್ಲಿ ಸುಮಾರು ನಾಲ್ಕು ಗಂಟೆ ಕೆಡದೆ ಇರುವುದು, ಫ್ರಿಜ್ಜಿನಲ್ಲಿ ನಾಲ್ಕು ದಿನ. ರಾಯಚೂರಿನ ಏಪ್ರಿಲ್ ತಿಂಗಳಿನಲ್ಲಿ 25 ಡಿಗ್ರಿಯ ಕೋಣೆ ಯಾರಿಗಿದೆ? ಮನೆಯಲ್ಲಿ ಆ ಹಾಲನ್ನು ಯಾರಾದರೂ ಒಳಲೆಯಲ್ಲಿಯೋ ಬಟ್ಟಲಿನಲ್ಲಿಯೋ ಕುಡಿಸಬೇಕು; ಅದಕ್ಕೆ ಮತ್ತೆ ಅರ್ಧ ಗಂಟೆ. ಮೊಲೆಯೂಡಿಸುವುದರಲ್ಲಿ ಒಮ್ಮೆ ಮುಗಿಯುತ್ತಿದ್ದ ಕೆಲಸ ಇಲ್ಲಿ ಇಬ್ಬರ ಕೈಯಲ್ಲಿ ಎರಡು ಸಲ ನಡೆಯುವುದು. ಪಂಪಿಲ್ಲದೆ ಕೈಯಿಂದ ಹಿಂಡಿ ತೆಗೆಯುವುದನ್ನು ದಾದಿಯರು ಚೆನ್ನಾಗಿ ಕಲಿಸುವರು. ಅದಕ್ಕೆ ಖರ್ಚಿಲ್ಲ, ವೇಳೆ ಮಾತ್ರ ಅಷ್ಟೇ ಬೇಕು. ಇನ್ನು ಸ್ಥಳದ ಮಾತು. ಬಾಗಿಲಿಗೆ ಅಗುಳಿಯಿರುವ ಬೇರೆ ಕೋಣೆಯಿಲ್ಲದುದರಿಂದ ಶೌಚಗೃಹದಲ್ಲಿ ನಿಂತು ಹಾಲು ತೆಗೆಯಬೇಕಾಗಿ ಬಂದ ತಾಯಂದಿರನ್ನು ನಾವು ಬಲ್ಲೆವು. ಅದೇ ಕಟ್ಟಡದಲ್ಲಿ ಬೀಡಿ ಸಿಗರೇಟು ಸೇದುವವರಿಗೆ ಒಂದು ಮೂಲೆಯನ್ನು ಬಿಟ್ಟುಕೊಟ್ಟಿದ್ದರು.

ಕಾನೂನು ಏನು ಹೇಳುವುದೆಂಬುದನ್ನೂ ನೋಡಬೇಕು. 1919ರಷ್ಟು ಹಿಂದೆಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದವೊಂದು, ಮೊಲೆಯೂಡಿಸುವ ತಾಯಿಗೆ ದುಡಿಮೆಯ ಅವಧಿಯಲ್ಲಿ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಬಿಡುವು ಕೊಡಬೇಕೆಂದು ಗೊತ್ತುಮಾಡಿತು. ನಮ್ಮ 1961ರ ಹೆರಿಗೆ ಸೌಲಭ್ಯ ಕಾನೂನು ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಎರಡು ಬಿಡುವುಗಳನ್ನು ಕೊಟ್ಟಿತು. ಗಣಿಗಳಿಗೂ ಸರ್ಕಸ್ಸುಗಳಿಗೂ ಅನ್ವಯಿಸಿ 1963ರಲ್ಲಿ ಮಾಡಿದ ನಿಯಮಗಳು ಒಂದೊಂದು ಬಿಡುವಿಗೆ ಹದಿನೈದು ನಿಮಿಷವನ್ನೂ, ಮಗುವಿರುವಲ್ಲಿಗೆ ಹೋಗಿಬರಲು ಐದರಿಂದ ಹದಿನೈದು ನಿಮಿಷವನ್ನೂ ಅಳೆದು ಕೊಟ್ಟವು. 2017ರ ತಿದ್ದುಪಡಿಯಿಂದ ರಜೆ 26 ವಾರಗಳಿಗೆ ಏರಿತು. 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವೂ, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರುವ ಹಕ್ಕೂ ಬಂದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ಇದು ಸಣ್ಣ ಗಳಿಕೆಯಲ್ಲ. ಆದರೂ ಒಂದು ಕೂಡು-ಕಳೆಯುವ ಲೆಕ್ಕವನ್ನು ಗಮನಿಸಿರಿ. 26 ವಾರಗಳಲ್ಲಿ ಎಂಟು ವಾರಗಳನ್ನು ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಕಷ್ಟದ ಬಸಿರಿನಿಂದಾಗಿ ಹಾಗೆ ಮಾಡಿದವಳಿಗೆ ಉಳಿಯುವುದು ಹದಿನೆಂಟು ವಾರ, ಎಂದರೆ ನಾಲ್ಕು ತಿಂಗಳ ಮೇಲೆ ಕೆಲವು ದಿನ. ಆರು ತಿಂಗಳು ಎದೆಹಾಲಿನ ಹೊರತು ಬೇರೇನನ್ನೂ ಕೊಡಬಾರದೆಂದು ಉಪದೇಶ! ಎರಡೂ ಸರಿಹೊಂದಬೇಕಾದರೆ ಅವಳು ಹೆರಿಗೆಯ ದಿನದವರೆಗೂ ದುಡಿಯಬೇಕು. ಹೆರಿಗೆಗೆ ಮುಂಚಿನ ರಜೆಯನ್ನು ಈ 26 ವಾರಗಳಿಂದ ಬೇರ್ಪಡಿಸಬೇಕೆಂದು ನಾವು ಹೇಳುವೆವು. ಬಿಡುವಿನ ಅವಧಿಯನ್ನೂ 1919ರ ಅರ್ಧ ಗಂಟೆಗಾದರೂ ಎಲ್ಲೆಡೆ ಏರಿಸಬೇಕು. ಹಾಲು ಇಳಿಯಲು ಬೇಕಾದ ನೆಮ್ಮದಿ ಹದಿನೈದು ನಿಮಿಷದಲ್ಲಿ ಬಾರದು.

ಹೊಲದಲ್ಲಿ ಕಳೆ ಕೀಳುವವಳಿಗೂ, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವವಳಿಗೂ ಈ ಕಾನೂನಿನ ಸುಖದುಃಖ ಎರಡೂ ಇಲ್ಲ. ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಅಳು ಕೇಳಿದಾಗ ಓಡಿಬಂದು ಕುಡಿಸುವುದೊಂದೇ ಅವರಿಗಿದ್ದ ದಾರಿ. ಮೇಸ್ತ್ರಿ ಸಹಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರಿಗಾಗಿ ಕರ್ನಾಟಕ ಸರ್ಕಾರವು 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಆರಂಭಿಸಿದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಮನೆ ಎಷ್ಟು ಚೆನ್ನಾಗಿದೆ ಎಂಬುದರ ಜೊತೆಗೆ ಕೆಲಸದ ಸ್ಥಳದಿಂದ ಎಷ್ಟು ದೂರವಿದೆ ಎಂಬುದನ್ನೂ ಅಳೆಯಬೇಕು.

ಎಣಿಸದ ವಸ್ತುವಿಗೆ ಸರ್ಕಾರದ ಲೆಕ್ಕಪತ್ರದಲ್ಲಿ ಸ್ಥಳವಿಲ್ಲ. 2023-24ರಲ್ಲಿ ನಮ್ಮ ದೇಶದ ಹಸು ಎಮ್ಮೆ ಮೇಕೆಗಳು ಕೊಟ್ಟ ಹಾಲು ಸುಮಾರು 23.9 ಕೋಟಿ ಟನ್ ಎಂದು ನಾವು ಬಲ್ಲೆವು. ತಾಯಂದಿರು ಕೊಟ್ಟುದೆಷ್ಟೆಂಬುದು ಆ ಪಟ್ಟಿಯಲ್ಲಿಲ್ಲ. ನಾರ್ವೆ ದೇಶದವರು ತಮ್ಮ ಆಹಾರದ ಅಂಕಿ-ಅಂಶಗಳಲ್ಲಿ ಎದೆಹಾಲನ್ನೂ ಸೇರಿಸಿ ತೋರಿಸಿದುದುಂಟು. ವೇಳೆಯ ಮಟ್ಟಿಗೆ ನಮ್ಮಲ್ಲಿ ಎಣಿಕೆ ತೊಡಗಿದೆ. 2024ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷವನ್ನೂ, ಹಾಗೆ ತೊಡಗುವ ಗಂಡಸರು 88 ನಿಮಿಷವನ್ನೂ ಅದಕ್ಕೆ ಕೊಡುವರು. ಮೇಲೆ ನಾವು ಕಂಡ 250 ನಿಮಿಷವನ್ನು ಮೊದಲನೆಯ ಸಂಖ್ಯೆಯ ಮೇಲೆ ಹೇರಿದರೆ ಏನಾಗುವುದೆಂಬುದನ್ನು ಓದುಗರೇ ಊಹಿಸಬಹುದು. ಗಂಡಸು ಹಾಲು ಕೊಡಲಾರನೆಂಬುದು ನಿಜ. ತೇಗು ಬರಿಸುವುದಕ್ಕೂ, ಬಟ್ಟೆ ಒಗೆಯುವುದಕ್ಕೂ, ಪಂಪು ತೊಳೆಯುವುದಕ್ಕೂ, ಸಾರು ಕುದಿಸುವುದಕ್ಕೂ ಯಾವ ಹಾರ್ಮೋನೂ ಬೇಡ.

ನಮ್ಮ ತರುಣ ಓದುಗರಿಗೆ ಇಲ್ಲೊಂದು ಪ್ರಯೋಗವಿದೆ. ಉಪಕರಣ ಗಡಿಯಾರ ಮತ್ತು ಒಂದು ಹಾಳೆ. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಾಣಂತಿಯಾಗಿದ್ದರೆ, ಅವರ ಒಪ್ಪಿಗೆ ಪಡೆದು, ಒಂದು ಬೆಳಗಿನಿಂದ ಮರುದಿನದ ಬೆಳಗಿನವರೆಗೆ ಮಗು ಹಾಲಿಗಾಗಿ ಎದ್ದ ಹೊತ್ತನ್ನೂ ಮತ್ತೆ ಮಲಗಿದ ಹೊತ್ತನ್ನೂ ಬರೆದಿಡಿರಿ. ಕೊನೆಯಲ್ಲಿ ನಿಮಿಷಗಳನ್ನು ಕೂಡಿಸಿರಿ. ಪಕ್ಕದಲ್ಲಿ ಇನ್ನೊಂದು ಕಲಮು ಇರಲಿ. ಪ್ರತಿಸಲವೂ ಮನೆಯಲ್ಲಿ ಮತ್ತಾರು ಎದ್ದರು, ಎದ್ದು ಏನು ಮಾಡಿದರು ಎಂಬುದನ್ನು ಅದರಲ್ಲಿ ತುಂಬಿರಿ.